ಎರೆಮಣ್ಣಿನಲ್ಲಿ ಸೋರಿದ ಬೆಳಕು: ಒಂದು ಕೋಲ್ಡ್ ಸ್ಟೋರೇಜ್‌ಗೆ ಎರಡು ಲೈನ್ ಕೂಡಿಸಿದ ಕೆಲಸ

ಏಪ್ರಿಲ್ ಎರಡನೇ ವಾರ. ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯ ಒಂದು ಕೋಲ್ಡ್ ಸ್ಟೋರೇಜ್‌ನ ಅಂಗಳದಲ್ಲಿ ಒಣದ್ರಾಕ್ಷಿ ಬಾಕ್ಸ್ ಹೇರಿದ ಮೂರು ಟ್ರ್ಯಾಕ್ಟರ್‌ಗಳು ಬಿಸಿಲಿನಲ್ಲಿ ನಿಂತಿದ್ದವು. ತೂಕ ಆಗಿತ್ತು, ಬಾಕ್ಸ್ ಎಣಿಸಿ ಆಗಿತ್ತು, ಮಾಲು ಇಟ್ಟದ್ದಕ್ಕೆ ಕೊಡುವ ರಸೀದಿ, ಅಂದರೆ ಪಾವತಿ ಮಾತ್ರ ಹೊರಬರುತ್ತಿರಲಿಲ್ಲ. ಪಾವತಿ ಬರೆಯುವ ಸಾಫ್ಟ್‌ವೇರ್ ಇರುವುದು ನಗರದ ಮುಖ್ಯ ಕಚೇರಿಯ ಸರ್ವರ್‌ನಲ್ಲಿ; ಅಲ್ಲಿಗೆ ಹೋಗುವ ಇಂಟರ್ನೆಟ್ ಲೈನ್ ಬೆಳಗಿನಿಂದ ಸತ್ತಿತ್ತು. ಆ ಪಾವತಿ ಕೈಗೆ ಸಿಕ್ಕರೆ ರೈತ ಮಾಲಿನ ಮೇಲೆ ಸಾಲ ಎತ್ತಬಹುದು, ವಿಜಯಪುರ, ತಾಸಗಾಂವ, ಸಾಂಗಲಿಯ ದರ ನೋಡಿಕೊಂಡು ಮಾರುವ ಹೊತ್ತನ್ನು ತಾನೇ ಆರಿಸಬಹುದು. ಸಿಗದಿದ್ದರೆ ಟ್ರ್ಯಾಕ್ಟರ್ ನೆರಳಿನಲ್ಲಿ ಕೂರಬೇಕು.

ಕೋಲ್ಡ್ ಸ್ಟೋರೇಜ್ ನಡೆಸುವ ಸಾಹುಕಾರರು ನೆಟ್‌ವರ್ಕ್ ಕೆಲಸ ಮಾಡುವ ನನಗೆ ಹೇಳಿದ್ದು ಇಷ್ಟೇ: "ಎರಡು ಲೈನ್ ಇರಲಿ. ಒಂದು ಹೋದರೆ ಇನ್ನೊಂದು ತಾನಾಗಿ ಹಿಡಿಯಬೇಕು. ಯಾರಿಗೂ ಫೋನ್ ಮಾಡುವ ಪ್ರಸಂಗ ಬರಬಾರದು ನೋಡ್ರಿ." ಮಾತು ಸಣ್ಣದು, ಕೆಲಸ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ಮಣ್ಣು ಅಗೆಯುವುದಕ್ಕೇ ಹೋಯಿತು.

ರ‍್ಯಾಕ್‌ನಲ್ಲಿ ಏನಿತ್ತು

ಕಬ್ಬಿಣದ ರ‍್ಯಾಕ್ ತೆರೆದಾಗ ಮೊದಲು ಕಂಡದ್ದು ಎಂದೋ ನಿಲ್ಲಿಸಿದ್ದ ಲೀಸ್ಡ್ (ಬಾಡಿಗೆಯ ಮೀಸಲು) ಲೈನ್‌ನ ರೌಟರ್. ಅದರ ಬೆನ್ನಿನಿಂದ ಹೆಬ್ಬೆರಳು ಗಾತ್ರದ ವಿ.35 ಕೇಬಲ್ ಇಳಿದು ಮೋಡೆಮ್ ಸೇರಿತ್ತು. ಅದನ್ನು ಬಿಚ್ಚುವಾಗ ನನಗೆ ಗೌರವವೇ ಮೂಡಿತು, ಏಕೆಂದರೆ ಈ ಕಸುಬನ್ನು ನಾನು ಕಲಿತದ್ದು ಅಂಥ ಲೈನ್‌ಗಳ ಮೇಲೆ. ಇ1 ಎಂಬ ಬಗೆಯ ಅಂಥ ಲೈನ್‌ನಲ್ಲಿ 64 ಕಿಲೋಬಿಟ್‌ನ 32 ಕಾಲುವೆಗಳು, ಕೂಡಿಸಿದರೆ 2048. ಮೊದಲನೆಯ ಕಾಲುವೆ ಚೌಕಟ್ಟಿನ ಹೊಂದಾಣಿಕೆಗೆ ಮೀಸಲು. ಮೋಡೆಮ್ ಕ್ಲಾಕ್ ಕೊಡಬೇಕು, ರೌಟರ್ ಆ ಬಡಿತಕ್ಕೆ ಹೆಜ್ಜೆ ಹಾಕಬೇಕು. ಒಂದು ತುದಿಯಲ್ಲಿ ಎಚ್‌ಡಿಎಲ್‌ಸಿ, ಇನ್ನೊಂದು ತುದಿಯಲ್ಲಿ ಪಿಪಿಪಿ ಎಂದು ಬೇರೆ ಬೇರೆ ಭಾಷೆ ಇಟ್ಟರೆ ತಂತಿ ಜೀವಂತವಿದ್ದೂ ಮಾತು ನಡೆಯದು. ವೇಗ ಇಂದಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಆ 2 ಮೆಗಾಬಿಟ್ ಪೂರ್ತಿ ನಮ್ಮದು, ಹೋಗುವಾಗಲೂ ಬರುವಾಗಲೂ.

ಆ ಲೈನ್ ಕಲಿಸಿದ ದೊಡ್ಡ ಪಾಠ ಲೂಪ್ ಹಾಕುವುದು, ಅಂದರೆ ಕಳುಹಿಸಿದ್ದನ್ನು ಒಂದು ಜಾಗದಿಂದ ಹಾಗೇ ಮರಳಿಸುವುದು. ಲೈನ್ ಸತ್ತರೆ ಮೊದಲು ನಮ್ಮ ಮೋಡೆಮ್‌ನಲ್ಲಿ ಲೂಪ್, ನಂತರ ಎಕ್ಸ್‌ಚೇಂಜ್ ಕಡೆ, ನಂತರ ಆಚೆಯ ತುದಿಯ ಮೋಡೆಮ್‌ನಲ್ಲಿ. ಕಳುಹಿಸಿದ್ದು ಎಲ್ಲಿಯವರೆಗೆ ಮರಳಿ ಬರುತ್ತದೋ ಅಲ್ಲಿಯವರೆಗೆ ಸರಿ, ಅದರ ಮುಂದಿನ ತುಂಡಿನಲ್ಲಿ ರೋಗ. ಹೀಗೆ ತುಂಡು ತುಂಡಾಗಿ ಅಳೆಯುವ ಅಭ್ಯಾಸವನ್ನು ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಮ್ಮಲ್ಲಿ ಬಹಳ ಜನ ಬಿಟ್ಟುಬಿಟ್ಟಿದ್ದಾರೆ. ದೀಪ ಹಸಿರಾದರೆ ಮುಗಿಯಿತು, ಕೆಂಪಾದರೆ ಆರಿಸಿ ಹಚ್ಚುವುದು. ಇದು ನನಗೆ ಒಪ್ಪಿಗೆಯಿಲ್ಲ.

ಬೆಳಕಿನ ಲೆಕ್ಕ

ಈಗಿನ ಲೈನ್ ಜಿಪಾನ್ ಫೈಬರ್, ಒಂದು ಎಳೆಯ ಬೆಳಕನ್ನು ಹಲವು ಗ್ರಾಹಕರಿಗೆ ಹಂಚುವ ಬಗೆ. ಗೋಡೆಯ ಮೇಲಿನ, ಬೆಳಕನ್ನು ಡೇಟಾ ಆಗಿ ಬದಲಿಸುವ ಪೆಟ್ಟಿಗೆಯಾದ ಒಎನ್‌ಟಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಬೆಳಕು ಬರುತ್ತಿಲ್ಲ, ಅಥವಾ ಸಾಲುತ್ತಿಲ್ಲ ಎಂದು ಅರ್ಥ. ಲೈನ್ ಕೊಟ್ಟವರ ಕಡೆಯ ಹುಡುಗ ಬಂದಿದ್ದ, ಹುರುಪಿನವನು. "ಅಣ್ಣಾ, ಒಎನ್‌ಟಿ ಬದಲಿಸಿ ನೋಡೋಣವೇ?" ಎಂದ. ಮೊದಲು ಅಳೆಯೋಣ ಎಂದೆ.

ಗೋಡೆಯ ಪೆಟ್ಟಿಗೆಯಿಂದ ಒಎನ್‌ಟಿಗೆ ಬರುವ ಗಿಡ್ಡ ಫೈಬರ್ ತುಂಡಾದ ಪ್ಯಾಚ್ ಕಾರ್ಡ್‌ನ ತುದಿಯನ್ನು ಪವರ್ ಮೀಟರ್‌ಗೆ ಸಿಕ್ಕಿಸಿ, 1490 ನ್ಯಾನೊಮೀಟರ್‌ಗೆ ಇಟ್ಟು ನೋಡಿದರೆ ಮೈನಸ್ 29.4 ಡಿಬಿಎಂ (ಬಲದ ಅಳತೆ; ಮೈನಸ್ ಹೆಚ್ಚಿದಷ್ಟೂ ಬಲ ಕಡಿಮೆ). ಬಿ ಪ್ಲಸ್ ದರ್ಜೆಯ ಒಎನ್‌ಟಿ ಮೈನಸ್ 27ರವರೆಗೆ ಓದಬಲ್ಲದು. ಅದಕ್ಕಿಂತ ಕೆಳಗೆ ಇಳಿದಿತ್ತು. ಹುಡುಗ ಏಣಿ ಹಾಕಿ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಅಳೆದು ಅಲ್ಲಿಂದಲೇ ಕೂಗಿದ: ಮೈನಸ್ 19.6. ಅಂದರೆ ಕಂಬದವರೆಗೆ ಲೈನ್ ಆರೋಗ್ಯವಾಗಿದೆ. ಕಂಬದಿಂದ ಕೋಣೆಗೆ ಇರುವುದು ಸುಮಾರು 80 ಮೀಟರ್. ಫೈಬರ್‌ನಲ್ಲಿ ಒಂದು ಕಿಲೋಮೀಟರಿಗೆ 0.35 ಡಿಬಿ ಕಳೆಯುತ್ತದೆ ಎಂದು ಹಿಡಿದರೂ 80 ಮೀಟರಿಗೆ 0.03 ದಾಟಬಾರದು. ಇಲ್ಲಿ ಕಳೆದಿದ್ದು 9.8. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತದೆ, 9.8 ಎಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿದೆ.

ಒಂದು ಕಳ್ಳ ಕೂಡಲೇ ಸಿಕ್ಕಿಬಿದ್ದ. ಗೋಡೆಯ ಪೆಟ್ಟಿಗೆಯ ಅಡಾಪ್ಟರ್ ಹಸಿರು, ಅದಕ್ಕೆ ಸಿಕ್ಕಿಸಿದ್ದ ಪ್ಯಾಚ್ ಕಾರ್ಡ್‌ನ ತಲೆ ನೀಲಿ. ಹಸಿರು ತಲೆಯ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೆಟ್ಟಗಿರುತ್ತದೆ. ಎರಡನ್ನೂ ಎದುರಿಗೆ ಇಟ್ಟರೆ ಮುಖಕ್ಕೆ ಮುಖ ಕೂಡುವುದಿಲ್ಲ, ನಡುವೆ ಕೂದಲೆಳೆಯಷ್ಟು ಗಾಳಿ ಉಳಿಯುತ್ತದೆ. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹರಿಯುವ ಎಳೆಯ ಅಗಲ 9 ಮೈಕ್ರಾನ್. ಅದರ ಮುಂದೆ ಆ ಸಂದು ಬಾಗಿಲಿನಷ್ಟು ದೊಡ್ಡದು. ಆ ಕಡೆಗೆ ಹಸಿರು ತಲೆಯಿರುವ ಕಾರ್ಡ್ ಹಾಕಿ, ತಲೆಯನ್ನು ಒರೆಸುವ ಪೆನ್ನಿನಿಂದ ಒರೆಸಿ ಅಳೆದರೆ ಮೈನಸ್ 25.1. ಒಂದೇ ಕಾರ್ಡ್ 4.3 ತಿಂದಿತ್ತು.

ಒಎನ್‌ಟಿ ಹಸಿರಾಯಿತು. ಪಾವತಿ ಹೊರಬಂತು. ಟ್ರ್ಯಾಕ್ಟರ್‌ಗಳು ಹೊರಟವು. ಸಾಹುಕಾರರ ಮುಖ ಅರಳಿತು, "ಆಯಿತಲ್ಲರೀ?" ಎಂದರು. ನಾನು ಇಲ್ಲ ಎಂದೆ. ಇನ್ನೂ 5.5 ಡಿಬಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಕೈಯಲ್ಲಿ ಉಳಿದ ಅಂತರ 2 ಡಿಬಿಗೂ ಕಡಿಮೆ. ಸೋರುತ್ತಿರುವುದು ಏಕೆಂದು ತಿಳಿಯದೆ ಅದನ್ನು ಹಾಗೇ ಬಿಟ್ಟು ಬಂದರೆ ಮುಂದಿನ ವಾರ ಮತ್ತೆ ಅದೇ ಕೆಂಪು ದೀಪ.

ಹುಡುಗನ ಚೀಲದಲ್ಲಿ ಎರಡು ತರಂಗದ ಲೈಟ್ ಸೋರ್ಸ್ ಇತ್ತು. ಕಂಬದ ಕಡೆಯಿಂದ 1310ರಲ್ಲಿ ಬೆಳಕು ಬಿಟ್ಟಾಗ ಆ 80 ಮೀಟರ್‌ನಲ್ಲಿ 2.4 ಡಿಬಿ ನಷ್ಟ, 1550ರಲ್ಲಿ ಬಿಟ್ಟಾಗ 7.1. ರೋಗದ ಹೆಸರನ್ನು ಇದೇ ಹೇಳಿತು. ಕೊಳೆ ಕೂತಿದ್ದರೆ, ಜೋಡಣೆ ಕೆಟ್ಟಿದ್ದರೆ ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ ಬರುತ್ತದೆ. ತರಂಗ ಉದ್ದವಾದಷ್ಟೂ ನಷ್ಟ ಹೆಚ್ಚಿದರೆ ಫೈಬರ್ ಎಲ್ಲೋ ಚೂಪಾಗಿ ಬಾಗಿದೆ ಎಂದು ತಿಳಿಯಬೇಕು.

ಎಲ್ಲಿ? ಕೋಣೆಯಲ್ಲಿ ಬಾಗಿರಲಿಲ್ಲ, ಕಂಬದ ಮೇಲೆ ಬಾಗಿರಲಿಲ್ಲ. ಉಳಿದದ್ದು ಅಂಗಳದ ಕೆಳಗಿನ ಪಿವಿಸಿ ಪೈಪು. ಅದನ್ನು ಹಿಂದೆ ಯಾರೋ ಎರೆಮಣ್ಣಿನಲ್ಲಿ ಒಂದು ಅಡಿ ಆಳಕ್ಕೆ ಹೂತು ಮುಚ್ಚಿದ್ದರು. ಕಾವಲಿನ ಕಾಕಾ ನಮ್ಮ ಮಾತು ಕೇಳುತ್ತ ನಿಂತಿದ್ದವರು ಜಾಗ ತೋರಿಸಿದರು: "ಇಲ್ಲಿ ನೋಡ್ರಿ, ಈ ಬಿರುಕು ಪ್ರತಿ ಬೇಸಿಗೆ ಇಲ್ಲೇ ಬಿಡುತ್ತದೆ." ಅಂಗೈ ನೆಟ್ಟಗೆ ಇಳಿಸಬಹುದಾದಷ್ಟು ಅಗಲದ ಬಿರುಕು, ಪೈಪಿನ ದಾರಿಗೆ ಅಡ್ಡಲಾಗಿ.

ಹಾರೆಯಿಂದ ಮಣ್ಣು ಎಬ್ಬಿಸಿ, ಸಲಿಕೆಯಿಂದ ಎಳೆದು, ಪೈಪಿನ ಹತ್ತಿರ ಬಂದಾಗ ಕೈಯಿಂದಲೇ ಕೆದಕಿದೆವು. ಬಿರುಕಿನ ಸರಿಯಾಗಿ ಕೆಳಗೆ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಎರಡು ದಿಕ್ಕಿಗೆ ಎಳೆಯುತ್ತದೆ. ಅಂಟು ಸರಿಯಾಗಿ ಹಚ್ಚದ ಜೋಡಣೆ ಕಳಚಿ, ಒಂದು ತುಂಡು ಮೂರು ಬೆರಳಷ್ಟು ಕೆಳಗೆ ಕುಸಿದಿತ್ತು. ಕೇಬಲ್ ಆ ಪೈಪಿನ ಅಂಚಿನ ಮೇಲೆ ಒಮ್ಮೆ ಮಡಿಸಿ, ಮತ್ತೆ ಕೆಳಗಿನ ಅಂಚಿಗೆ ತಗುಲಿ ಹಿಮ್ಮಡಿಸಿತ್ತು. ಕಪ್ಪು ಹೊದಿಕೆ ಅಂಚು ತಾಗಿದ ಕಡೆ ಬಿಳಿಚಿ, ಒತ್ತಿ ಚಪ್ಪಟೆಯಾಗಿತ್ತು. ಹೊದಿಕೆಯ ಮೇಲಿನ ಅಕ್ಷರ ಒರೆಸಿ ಓದಿದೆ: ಜಿ.652ಡಿ. ಆ ಬಗೆಯ ಫೈಬರ್‌ಗೆ ಬಾಗಿನ ತ್ರಿಜ್ಯ 30 ಮಿಲಿಮೀಟರಿಗಿಂತ ಕಿರಿದಾಗಬಾರದು. ಇಲ್ಲಿ ಅದು ನನ್ನ ಕಿರುಬೆರಳಿನ ಸುತ್ತಿನಷ್ಟೂ ಇರಲಿಲ್ಲ.

ಕೇಬಲ್ ಕೈಯಿಂದ ಎತ್ತಿ ನೆಟ್ಟಗೆ ಹಿಡಿದರೆ ಮೀಟರ್ ಮೈನಸ್ 20.8ಕ್ಕೆ ಏರಿತು, ಬಿಟ್ಟರೆ ಮೈನಸ್ 25ಕ್ಕೆ ಇಳಿಯಿತು. ಸಾಹುಕಾರರನ್ನು ಕರೆದು ಮೀಟರ್ ಕೈಗೆ ಕೊಟ್ಟು ಎರಡು ಸಲ ತೋರಿಸಿದೆ. ಆಮೇಲೆ ಹೊಸ ಪೈಪಿಗೆ ಹಣ ಕೇಳುವಾಗ ವಿವರಣೆ ಬೇಕಾಗಲಿಲ್ಲ.

ಮರುದಿನ ಪೂರ್ತಿ ಎರಡೂವರೆ ಅಡಿ ಆಳದ ಕಾಲುವೆ ತೋಡಿಸಿದೆ. ತಳದಲ್ಲಿ ಗರಸು ಹಾಸಿ, ನಡುವೆ ಜೋಡಣೆಯೇ ಇಲ್ಲದ ಒಂದೇ ಉದ್ದದ ಎಚ್‌ಡಿಪಿಇ ಪೈಪು ಇಟ್ಟು, ಸುತ್ತಲೂ ಮೇಲೂ ಮತ್ತೆ ಗರಸು ತುಂಬಿಸಿದೆ. ಗರಸು ನೀರಿಗೆ ಉಬ್ಬುವುದಿಲ್ಲ, ಎರೆಯ ಎಳೆತ ನೇರವಾಗಿ ಪೈಪಿಗೆ ತಗುಲುವುದಿಲ್ಲ. ಒಳಗೆ ಎಳೆದದ್ದು ಜಿ.657ಎ2 ಕೇಬಲ್, ಅದು 7.5 ಮಿಲಿಮೀಟರ್ ತ್ರಿಜ್ಯದ ಬಾಗನ್ನೂ ತಾಳುತ್ತದೆ. ಎರಡೂ ತುದಿಗೆ ಮೂರು ಮೀಟರ್ ಸಡಿಲ ಸುರುಳಿ ಬಿಟ್ಟೆ, ಮಣ್ಣು ಎಳೆದರೆ ಕೇಬಲ್ ಬಿಗಿಯದಿರಲೆಂದು. ಕಂಬದಿಂದ ಇಳಿಯುವ ತುಂಡಿನಲ್ಲಿ ಉಕ್ಕಿನ ತಂತಿ ಇರುತ್ತದೆ. ಫೈಬರ್ ಗಾಜು ಸಿಡಿಲನ್ನು ತರುವುದಿಲ್ಲ, ಆ ತಂತಿ ತರುತ್ತದೆ. ಅದನ್ನು ಹೊರಗಿನ ಪೆಟ್ಟಿಗೆಯಲ್ಲೇ ಕತ್ತರಿಸಿ ಭೂಮಿಗೆ ಕೂಡಿಸಿದೆ, ರ‍್ಯಾಕ್‌ವರೆಗೆ ಬಿಡಲಿಲ್ಲ. ಕೊನೆಯ ಅಳತೆ ಮೈನಸ್ 19.9.

ರೌಟರ್

ಒಎನ್‌ಟಿಯನ್ನು ಬ್ರಿಡ್ಜ್ ಮಾಡಿಸಿ, ಅಂದರೆ ಬಂದದ್ದನ್ನು ಹಾಗೇ ದಾಟಿಸುವಂತೆ ಮಾಡಿಸಿ, ಲೈನ್ ಕೊಟ್ಟವರ ಜಾಲಕ್ಕೆ ಸೇರಿಸುವ ಪಿಪಿಪಿಒಇ ಲಾಗಿನ್ ಅನ್ನು ನಮ್ಮ ಮೈಕ್ರೋಟಿಕ್ ರೌಟರ್‌ಗೆ ತಂದೆ. ಒಎನ್‌ಟಿಯೇ ಲಾಗಿನ್ ಆದರೆ ವಿಳಾಸ ಎರಡು ಸಲ ಬದಲಾಗುತ್ತದೆ, ಲೈನ್ ನಿಜವಾಗಿ ಬಿದ್ದದ್ದು ಹಿಂದಿರುವ ರೌಟರ್‌ಗೆ ಗೊತ್ತೇ ಆಗುವುದಿಲ್ಲ. ಮೊದಲ ಯತ್ನದಲ್ಲಿ ಲಾಗ್ ತುಂಬ ಆಚೆಯ ತುದಿಯನ್ನು ಹುಡುಕುವ ಮೊದಲ ಕೂಗಾದ ಪಿಎಡಿಐ ಬರೀ ಹೋಗುತ್ತಿತ್ತು, ಉತ್ತರವಾಗಿ ಪಿಎಡಿಒ ಬರುತ್ತಿರಲಿಲ್ಲ. ಕೂಗಿದ್ದು ಆಚೆ ಮುಟ್ಟುತ್ತಿಲ್ಲ ಎಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಅನುಮಾನಿಸುವುದು ವ್ಯರ್ಥ. ಅವನ್ನು ಕೇಳುವ ಹಂತವೇ ಇನ್ನೂ ಬಂದಿರುವುದಿಲ್ಲ. ಲೈನ್ ಕೊಟ್ಟವರಿಂದ ಒಂದೇ ಲೈನಿನೊಳಗಿನ ದಾರಿಗಳನ್ನು ಬೇರ್ಪಡಿಸುವ ವಿಎಲ್ಎಎನ್ ಸಂಖ್ಯೆ ಕೇಳಿ ಹಾಕಿದ ಕೂಡಲೇ ಸಂಪರ್ಕ ಹತ್ತಿತು. ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ತೆಗೆದುಕೊಳ್ಳುವುದರಿಂದ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್.

ಮುಖ್ಯ ಕಚೇರಿಯಲ್ಲಿ ಸ್ಥಿರ ವಿಳಾಸವಿದೆ. ಇಲ್ಲಿಂದ ಅಲ್ಲಿಗೆ, ಇಂಟರ್ನೆಟ್ ಒಳಗಿನ ಗುಟ್ಟಿನ ಸುರಂಗದಂತೆ, ವೈರ್‌ಗಾರ್ಡ್ ವಿಪಿಎನ್. ಪಾವತಿ, ಕೋಣೆಗಳ ಉಷ್ಣತೆಯ ಅಳತೆ, ಕಂಪ್ರೆಸರ್‌ನ ಅಲಾರಂ ಎಲ್ಲವೂ ಅದರೊಳಗೆ.

ಎರಡನೇ ಲೈನ್

ಎರಡನೆಯದು 4ಜಿ. ಕೋಣೆಯೊಳಗೆ ಸಿಗ್ನಲ್ ಮೈನಸ್ 112 ಡಿಬಿಎಂ. ಕೋಲ್ಡ್ ಸ್ಟೋರೇಜ್‌ನ ಗೋಡೆ ಎಂದರೆ ಎರಡು ತಗಡಿನ ನಡುವೆ ಫೋಮ್. ಶಾಖವನ್ನು ತಡೆದಂತೆಯೇ ರೇಡಿಯೊ ಅಲೆಯನ್ನೂ ತಡೆಯುತ್ತದೆ. ಮಾಳಿಗೆಯ ಮೇಲೆ ಆಂಟೆನಾ ಇಟ್ಟು ಉದ್ದನೆಯ ಕೋಆಕ್ಸ್ ಎಳೆದರೆ ಗಳಿಸಿದ ಸಿಗ್ನಲ್ ಕೇಬಲ್‌ನಲ್ಲೇ ಕರಗುತ್ತದೆ. ಅದಕ್ಕೆ ಆಂಟೆನಾ, ಮೋಡೆಮ್ ಎರಡೂ ಒಳಗಿರುವ ಹೊರಾಂಗಣದ ಎಲ್‌ಟಿಇ ಪೆಟ್ಟಿಗೆಯನ್ನೇ ಮೇಲೆ ಕಟ್ಟಿ, ಪಿಒಇ ಮೂಲಕ ವಿದ್ಯುತ್ತನ್ನೂ ಡೇಟಾವನ್ನೂ ಒಂದೇ ಈಥರ್ನೆಟ್ ಕೇಬಲ್‌ನಲ್ಲಿ ನಡೆಸಿದೆ. ಹತ್ತಿರದ ಟವರ್‌ಗೆ ಮುಖ ಮಾಡಿದಾಗ ಸಿಗ್ನಲ್ ಮೈನಸ್ 88, ಆದರೆ ಗದ್ದಲಕ್ಕೂ ಸಿಗ್ನಲ್‌ಗೂ ಇರುವ ಅಂತರ ತೋರಿಸುವ ಎಸ್‌ಐಎನ್‌ಆರ್ ಬರೀ 4. ತುಸು ದೂರದ ಇನ್ನೊಂದು ಟವರ್ ಕಡೆ ತಿರುಗಿಸಿದಾಗ ಸಿಗ್ನಲ್ ಮೈನಸ್ 94ಕ್ಕೆ ಇಳಿಯಿತು, ಎಸ್‌ಐಎನ್‌ಆರ್ 15ಕ್ಕೆ ಏರಿತು. ಎರಡನೆಯದನ್ನೇ ಬಿಗಿದೆ. ಜಾತ್ರೆಯಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ, ಬಯಲಿನಲ್ಲಿ ದೂರದವನು ಮೆಲ್ಲಗೆ ಅಂದರೂ ಕೇಳುತ್ತದೆ.

4ಜಿ ಕೊಟ್ಟ ವಿಳಾಸ 100.64ರಿಂದ 100.127ರ ನಡುವಿನದು, ಅಂದರೆ ಬಹಳ ಗ್ರಾಹಕರು ಹಂಚಿಕೊಳ್ಳುವ ವಿಳಾಸದ ಹಿಂದೆ ನಾವಿದ್ದೇವೆ. ಹೊರಗಿನಿಂದ ಯಾರೂ ನಮ್ಮ ಬಾಗಿಲು ತಟ್ಟಲಾರರು. ಆದ್ದರಿಂದ ವಿಪಿಎನ್ ಸದಾ ಇಲ್ಲಿಂದಲೇ ಹೊರಡಬೇಕು, ಮತ್ತು ದಾರಿ ಮುಚ್ಚದಂತೆ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳುಹಿಸುತ್ತಿರಬೇಕು.

4ಜಿ ಮೇಲೆ ವಿಪಿಎನ್ ಹತ್ತಿತು. ಪಿಂಗ್ ಹೋಗುತ್ತಿತ್ತು. ಪಾವತಿಯ ಪುಟ ಮಾತ್ರ ಅರ್ಧ ಬಂದು ನಿಲ್ಲುತ್ತಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ತಂಗಿ, "ಸರ್, ಹೆಸರು ಬರುತ್ತದೆ, ಕೆಳಗಿನ ಪಟ್ಟಿ ಬರುವುದಿಲ್ಲ," ಎಂದಳು. ಸಣ್ಣದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ. ಅವಳ ಒಂದು ಮಾತಿನಲ್ಲಿ ರೋಗಲಕ್ಷಣ ಪೂರ್ತಿ ಇತ್ತು. ವಿಪಿಎನ್ ಬಿಟ್ಟು ಬರೀ 4ಜಿ ಮೇಲೆ, ಒಡೆಯಬಾರದು ಎಂಬ ಗುರುತು ಹಾಕಿದ ಪಿಂಗ್ ಅನ್ನು ಗಾತ್ರ ಇಳಿಸುತ್ತ ಕಳುಹಿಸಿದೆ. 1472 ಇಲ್ಲ, 1440 ಇಲ್ಲ, 1402 ಹೋಯಿತು, 1403 ಇಲ್ಲ. 1402ಕ್ಕೆ ತಲೆಬರಹದ 28 ಸೇರಿಸಿದರೆ ಆ ದಾರಿಯ ಅಗಲ 1430. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ ಹೊದಿಸುವ ಹೊದಿಕೆಯ ಭಾರ ಐಪಿವಿ4 ಮೇಲೆ 60 ಬೈಟ್. ರೂಢಿಯ 1420 ಇಟ್ಟರೆ 1480 ಆಗುತ್ತದೆ: ಫೈಬರ್‌ನ 1492ರಲ್ಲಿ ಹಿಡಿಸುತ್ತದೆ, 4ಜಿಯ 1430ರಲ್ಲಿ ಹಿಡಿಸುವುದಿಲ್ಲ. ವಿಪಿಎನ್‌ನ ಎಂಟಿಯು 1370ಕ್ಕೆ ಇಳಿಸಿ, ಟಿಸಿಪಿ ಪ್ಯಾಕೆಟ್‌ನೊಳಗಿನ ಡೇಟಾದ ಮಿತಿಯಾದ ಎಂಎಸ್ಎಸ್ ಅನ್ನು 1330ಕ್ಕೆ ಕಟ್ಟಿದೆ. ಪಟ್ಟಿ ಒಮ್ಮೆಲೇ ಬಂತು. ಎರಡು ಲೈನ್ ಇದ್ದಲ್ಲಿ ಅಳತೆಯನ್ನು ಕಿರಿದಾದ ದಾರಿಗೇ ಹೊಂದಿಸಬೇಕು.

ಕೈಬದಲು

ಫೈಬರ್ ಕಿತ್ತರೆ 4ಜಿ ಹಿಡಿಯುವುದು ಸುಲಭ. ಕಷ್ಟ ಇರುವುದು ಬೇರೆ ಕಡೆ: ಕಂಬದವರೆಗೆ ಬೆಳಕಿದೆ, ಪಿಪಿಪಿಒಇ ಕೂಡ ನಿಂತಿದೆ, ಆದರೆ ಆಚೆ ಎಲ್ಲೋ ದಾರಿ ಕಡಿದಿದೆ. ರೌಟರ್ ಕಣ್ಣಿಗೆ ಎಲ್ಲ ಹಸಿರು. ಅದಕ್ಕೆ ದೂರದ ಒಂದು ವಿಳಾಸವನ್ನು ಫೈಬರ್ ದಾರಿಗೆ ಮಾತ್ರ ಕಟ್ಟಿಹಾಕಿ, ಮುಖ್ಯ ದಾರಿ ಆ ವಿಳಾಸದ ಮೂಲಕವೇ ನಿಲ್ಲುವಂತೆ ಮಾಡಿದೆ. 10 ಸೆಕೆಂಡಿಗೊಮ್ಮೆ ಪಿಂಗ್, ಎರಡು ಸಲ ಉತ್ತರ ಬಾರದಿದ್ದರೆ ಆ ದಾರಿ ರದ್ದು. ಕಟ್ಟಿಹಾಕಿದ ವಿಳಾಸಕ್ಕೆ, ಬಂದದ್ದನ್ನೆಲ್ಲ ನುಂಗಿಬಿಡುವ ಬ್ಲ್ಯಾಕ್‌ಹೋಲ್ ದಾರಿಯೊಂದನ್ನು ಹಿಂದೆ ಇಡಲೇಬೇಕು. ಇಲ್ಲದಿದ್ದರೆ ಫೈಬರ್ ಬಿದ್ದಾಗ ಆ ಪಿಂಗ್ 4ಜಿ ಮೂಲಕ ಹೋಗಿ ಉತ್ತರ ತಂದು, ಫೈಬರ್ ಬದುಕಿದೆ ಎಂದು ಸುಳ್ಳು ಹೇಳುತ್ತದೆ. ಲೈನ್ ಅತ್ತಿಂದಿತ್ತ ತೂಗಾಡುತ್ತದೆ. ಆ ವಿಳಾಸವನ್ನು, ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್‌ಗೂ ಬಳಸಬಾರದು.

ಪರೀಕ್ಷೆಗೆ ಫೈಬರ್ ಕೀಳಲಿಲ್ಲ. ಪಿಪಿಪಿಒಇ ಕಡೆಯಿಂದ ಬರುವ ಐಪಿ ಪ್ಯಾಕೆಟ್‌ಗಳನ್ನೆಲ್ಲ ಬೀಳಿಸುವ ತಾತ್ಕಾಲಿಕ ನಿಯಮ ಹಾಕಿದೆ. ಸಂಪರ್ಕ ನಿಂತೇ ಇರುತ್ತದೆ, ಜೀವ ಮಾತ್ರ ಹೋಗಿರುತ್ತದೆ. ಗಡಿಯಾರ ನೋಡುತ್ತ ಕೂತೆವು. 20 ಸೆಕೆಂಡ್ ಆಸುಪಾಸಿಗೆ ದಾರಿ 4ಜಿಗೆ ಬದಲಾಯಿತು, ಇಂಟರ್ನೆಟ್ ಬಂತು. ವಿಪಿಎನ್ ಬರಲಿಲ್ಲ. ಐದು ನಿಮಿಷ ಕಾದರೂ ಬರಲಿಲ್ಲ.

ರೌಟರ್‌ನ ಕನೆಕ್ಷನ್ ಪಟ್ಟಿ ತೆರೆದು ವಿಪಿಎನ್‌ನ ಸಾಲು ಹುಡುಕಿದೆ. ಪ್ಯಾಕೆಟ್‌ಗಳು 4ಜಿ ಬಾಗಿಲಿನಿಂದಲೇ ಹೊರಡುತ್ತಿದ್ದವು, ಆದರೆ ಕಳುಹಿಸಿದವರ ವಿಳಾಸದ ಜಾಗದಲ್ಲಿ ಇನ್ನೂ ಫೈಬರ್‌ನ ವಿಳಾಸ. ಒಂದು ಮಾತುಕತೆಗೆ ಮೊದಲ ಪ್ಯಾಕೆಟ್‌ನಲ್ಲಿ ಗೊತ್ತಾದ ವಿಳಾಸವನ್ನು ರೌಟರ್ ಆ ಸಾಲು ಅಳಿಯುವವರೆಗೆ ಬಿಡುವುದಿಲ್ಲ. ಸುಮ್ಮನಿದ್ದರೆ ಸಾಲು ಮೂರು ನಿಮಿಷಕ್ಕೆ ತಾನಾಗಿ ಅಳಿಯುತ್ತಿತ್ತು. ಸುಮ್ಮನಿರಲು ಬಿಡದಿದ್ದದ್ದು ನಾನೇ ಇಟ್ಟ 25 ಸೆಕೆಂಡಿನ ಆ ಸಣ್ಣ ಪ್ಯಾಕೆಟ್. ನೆಟ್‌ವಾಚ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ: ಕಟ್ಟಿಹಾಕಿದ ವಿಳಾಸದ ಸ್ಥಿತಿ ಬದಲಾದ ಕೂಡಲೇ ವಿಪಿಎನ್‌ನ ಪಿಯರ್ (ಆಚೆಯ ತುದಿಯೊಂದಿಗಿನ ಕೊಂಡಿ) ಆರಿಸು, ಪಟ್ಟಿಯ ಆ ಸಾಲು ಅಳಿಸು, ಪಿಯರ್ ಹಚ್ಚು. ಮತ್ತೆ ಪರೀಕ್ಷೆ. 31 ಸೆಕೆಂಡಿಗೆ ವಿಪಿಎನ್ ಎದ್ದಿತು. ಫೈಬರ್ ಮರಳಿ ಬಂದಾಗಲೂ ಹಾಗೇ ಹಿಂದಿರುಗಿತು.

ನಾಲ್ಕನೇ ದಿನ ಸಂಜೆ, ಬಾಕ್ಸ್ ಇಳಿಸುತ್ತಿದ್ದ ಹೊತ್ತಿನಲ್ಲೇ, ಸಾಹುಕಾರರ ಒಪ್ಪಿಗೆ ಪಡೆದು ಅವರ ಕೈಯಿಂದಲೇ ಹಸಿರು ತಲೆಯ ಕಾರ್ಡ್ ಕೀಳಿಸಿದೆ. ತಂಗಿ ಒಂದು ಪಾವತಿಯ ನಡುವೆ ಇದ್ದಳು. ಪುಟ ನಿಂತಿತು, ಅವಳು ಕೈ ಮಡಿಸಿ ಕಾದಳು, ಪುಟ ಮುಂದುವರಿಯಿತು, ಪ್ರಿಂಟರ್ ಓಡಿತು. ಪಾವತಿ ಪಡೆದ ರೈತನಿಗೆ ನಡುವೆ ಏನಾಯಿತೆಂದು ಗೊತ್ತೇ ಆಗಲಿಲ್ಲ, ಹೆಗಲ ಮೇಲಿನ ಟವೆಲ್ ಕೊಡವಿ ಹೊರಟ.

ಬಾಕಿ ಉಳಿದದ್ದು ಎರಡು. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಒಎನ್‌ಟಿ, ರೌಟರ್ ಆರಿಹೋಗದಂತೆ 12 ವೋಲ್ಟ್‌ನ ಬ್ಯಾಟರಿ ಬರಬೇಕು, ಮುಂದಿನ ವಾರ ಕೂಡಿಸುತ್ತೇನೆ. ಇನ್ನೊಂದು ಅರ್ಥಿಂಗ್ ಗುಂಡಿ: ಬೇಸಿಗೆಯಲ್ಲಿ ಎರೆ ಬಿರಿದು ಸರಳಿನಿಂದ ದೂರ ಸರಿಯುತ್ತದೆ, ಆಗ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಮಳೆ ಬೀಳುವವರೆಗೆ ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಬೇಕು ಎಂದೆ. ಕಾಕಾ ಆ ಕೆಲಸ ತಮ್ಮದೆಂದು ಒಪ್ಪಿಕೊಂಡರು. ರ‍್ಯಾಕ್‌ನ ಬಾಗಿಲ ಒಳಗೆ ಕಾಗದ ಅಂಟಿಸಿ ಬರೆದಿದ್ದೇನೆ: ಕಂಬದಲ್ಲಿ 19.6, ಕೋಣೆಯಲ್ಲಿ 19.9, 4ಜಿ 94 ಮತ್ತು 15, ವಿಪಿಎನ್ 1370, ತಾರೀಖು.